ಎಣಿಕೆ ಮೊದಲು, ಹೆಸರು ಆಮೇಲೆ

ನಿನ್ನೆಯಷ್ಟೇ ಇಳಿಸಿಕೊಂಡ ಫೈಲೊಂದು ತಾನು 1970ರ ಜನವರಿ 1ರ ಬೆಳಗಿನ ಐದೂವರೆಗೆ ಬದಲಾದದ್ದು ಎಂದು ತೋರಿಸುವುದನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ವೈರಸ್ ಇರಬಹುದೆಂದು ಹೆದರಿದವರೂ ಉಂಟು. ಅಂಥದ್ದೇನೂ ಇಲ್ಲ. ಆ ಫೈಲಿನ ದಿನಾಂಕದ ಜಾಗದಲ್ಲಿ ಯಾವುದೋ ಕಾರಣಕ್ಕೆ ಸೊನ್ನೆ ಬಂದು ಕೂತಿದೆ, ಅಷ್ಟೆ. ಯೂನಿಕ್ಸ್ ಪರಂಪರೆಯ ಕಂಪ್ಯೂಟರುಗಳು ಫೈಲಿನ ದಿನಾಂಕವನ್ನು ತಿಂಗಳು, ವಾರ, ತಾರೀಖು ಎಂದು ಬರೆದಿಡುವುದಿಲ್ಲ. ಅಂತರರಾಷ್ಟ್ರೀಯ ಪ್ರಮಾಣ ಕಾಲವಾದ ಯುಟಿಸಿಯ ಪ್ರಕಾರ 1970ರ ಜನವರಿ 1 ಶುರುವಾದ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆಯಿತು ಎಂಬ ಒಂದೇ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತವೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ ಸೊನ್ನೆ ಎಂಬುದು ನಮಗೆ ಬೆಳಗಿನ ಐದೂವರೆಯಾಗಿ ಕಾಣುತ್ತದೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತವರಿಗೆ ಅದೇ ಸೊನ್ನೆ ಬೇರೆ ಗಂಟೆಯಾಗಿ ಕಾಣುತ್ತದೆ. ನ್ಯೂಯಾರ್ಕಿನವರಿಗಂತೂ 1969ರ ಡಿಸೆಂಬರ್ 31ರ ಸಂಜೆಯಾಗಿರುತ್ತದೆ. ಒಳಗೆ ಇರುವುದು ಎಣಿಕೆ, ಪರದೆಯ ಮೇಲೆ ಕಾಣುವುದು ಆ ಎಣಿಕೆಗೆ ಆ ಊರಿನಲ್ಲಿ ಇಟ್ಟ ಹೆಸರು. ಈ ಎರಡನ್ನು ಬೇರೆಬೇರೆಯಾಗಿ ಇಡಬೇಕು, ಎಣಿಕೆಯನ್ನು ಕೊನೆಯವರೆಗೂ ಎಣಿಕೆಯಾಗಿಯೇ ಉಳಿಸಿಕೊಂಡು ಮನುಷ್ಯರ ಕಣ್ಣಿಗೆ ಬೀಳುವ ಘಳಿಗೆಯಲ್ಲಿ ಮಾತ್ರ ಹೆಸರಾಗಿಸಬೇಕು ಎಂಬುದು ಈ ಅಧ್ಯಾಯದ ವಾದ. ದಿನಾಂಕಗಳ ವಿಷಯದಲ್ಲಿ ಪ್ರೋಗ್ರಾಂಗಳು ಎಡವುವ ಹೆಚ್ಚಿನ ಕಡೆಗಳಲ್ಲಿ ಈ ಎರಡು ಕೆಲಸಗಳು ಕಲಸಿಹೋಗಿರುತ್ತವೆ.

ಒಂದು ಸಂಖ್ಯೆಯನ್ನು ಕೈಯಲ್ಲೇ ಬಿಡಿಸಿ ನೋಡೋಣ. ಫೈಲೊಂದರ ದಿನಾಂಕ 170 ಕೋಟಿ ಎಂದಿದೆ ಎಂದುಕೊಳ್ಳಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 19,675 ಪೂರ್ಣ ದಿನಗಳು ಸಿಗುತ್ತವೆ, 80,000 ಸೆಕೆಂಡು ಉಳಿಯುತ್ತದೆ. 1970ರ ಜನವರಿ 1ರಿಂದ 19,675 ದಿನ ಮುಂದೆ ಹೋದರೆ 2023ರ ನವೆಂಬರ್ 14. ಉಳಿದ 80,000 ಸೆಕೆಂಡೆಂದರೆ 22 ಗಂಟೆ 13 ನಿಮಿಷ 20 ಸೆಕೆಂಡು. ಇದು ಯುಟಿಸಿಯ ಮಾತಾಯಿತು. ಭಾರತದ ಐದೂವರೆ ಗಂಟೆ, ಅಂದರೆ 19,800 ಸೆಕೆಂಡು ಸೇರಿಸಿದರೆ ದಿನವೇ ಹೊರಳುತ್ತದೆ: ನವೆಂಬರ್ 15, ಬುಧವಾರ, ಬೆಳಗಿನ ಜಾವ 3 ಗಂಟೆ 43 ನಿಮಿಷ 20 ಸೆಕೆಂಡು. ಅದೇ ಹೊತ್ತಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೂ ಮಂಗಳವಾರದ ಸಂಜೆ ಐದು ದಾಟಿದೆ. ‘ಈ ಫೈಲ್ ಯಾವ ತಾರೀಖಿನದು’ ಎಂದು ಕೇಳಿದರೆ ಬೆಂಗಳೂರಿನವರು 15 ಎನ್ನುತ್ತಾರೆ, ನ್ಯೂಯಾರ್ಕಿನವರು 14 ಎನ್ನುತ್ತಾರೆ, ಇಬ್ಬರೂ ಸರಿ. ಇಬ್ಬರಿಗೂ ಒಪ್ಪಿಗೆಯಾಗುವ ಉತ್ತರ 170 ಕೋಟಿ ಮಾತ್ರ.

ಇದನ್ನು ಕಂಪ್ಯೂಟರ್ ಯುಗದ ಕಂಡುಹಿಡಿತವೆಂದು ತಿಳಿಯಬೇಕಿಲ್ಲ. ನಮ್ಮ ಸಿದ್ಧಾಂತ ಜ್ಯೋತಿಷದ ಗಣಿತಜ್ಞರು ಗ್ರಹಗಳ ಸ್ಥಾನ ಲೆಕ್ಕ ಹಾಕಲು ಕೂತಾಗ ಮೊದಲು ಮಾಡುತ್ತಿದ್ದ ಕೆಲಸ ಅಹರ್ಗಣ ತೆಗೆಯುವುದು. ಕಲಿಯುಗದ ಆರಂಭವೆಂದು ಒಪ್ಪಿಕೊಂಡ ದಿನದಿಂದ, ಜೂಲಿಯನ್ ಕ್ಯಾಲೆಂಡರಿನ ಲೆಕ್ಕದಲ್ಲಿ ಕ್ರಿಸ್ತಪೂರ್ವ 3102ರ ಫೆಬ್ರವರಿ 18ರಿಂದ, ಎಷ್ಟು ದಿನಗಳು ಸಂದವು ಎಂಬ ಒಟ್ಟು ಮೊತ್ತವೇ ಅಹರ್ಗಣ. ಮಾಸ, ಪಕ್ಷ, ತಿಥಿಗಳನ್ನು ನೇರವಾಗಿ ಹಿಡಿದು ಗ್ರಹಗತಿಯ ಗಣಿತ ಮಾಡಲು ಬರುವುದಿಲ್ಲ. ಅಧಿಕಮಾಸ ಬರುತ್ತದೆ, ತಿಥಿ ಲೋಪವಾಗುತ್ತದೆ, ತಿಂಗಳುಗಳ ಉದ್ದ ಸಮವಿರುವುದಿಲ್ಲ. ಹಾಗಾಗಿ ತಿಥಿಯನ್ನು ದಿನಗಳ ಎಣಿಕೆಗೆ ಇಳಿಸಿ, ಎಣಿಕೆಯ ಮೇಲೆ ಗುಣಾಕಾರ ಭಾಗಾಕಾರ ನಡೆಸಿ, ಬಂದ ಫಲವನ್ನು ಪಂಚಾಂಗದಲ್ಲಿ ಮತ್ತೆ ತಿಥಿ, ವಾರ, ನಕ್ಷತ್ರಗಳ ಹೆಸರಲ್ಲಿ ಬರೆಯುತ್ತಿದ್ದರು. ಎಣಿಕೆ ಸರಿಯಾಯಿತೋ ಇಲ್ಲವೋ ಎಂದು ತಾಳೆ ನೋಡುವ ದಾರಿಯೂ ಇತ್ತು. ಕಲಿಯ ಮೊದಲ ದಿನ ಶುಕ್ರವಾರ. ಅಹರ್ಗಣವನ್ನು ಏಳರಿಂದ ಭಾಗಿಸಿ ಬಂದ ಶೇಷವನ್ನು ಶುಕ್ರವಾರದಿಂದ ಮುಂದಕ್ಕೆ ಎಣಿಸಿದರೆ ಆ ದಿನದ ವಾರ ಸಿಗಬೇಕು. 1970ರ ಜನವರಿ 1ಕ್ಕೇ ಇದನ್ನು ಹಚ್ಚಿ ನೋಡಬಹುದು. ಆ ದಿನದ ಅಹರ್ಗಣ 18,52,122. ಏಳರಿಂದ ಭಾಗಿಸಿದರೆ ಶೇಷ 6. ಶುಕ್ರವಾರದಿಂದ ಆರು ದಿನ ಮುಂದೆ ಹೋದರೆ ಗುರುವಾರ, ಮತ್ತು ಆ ದಿನ ಗುರುವಾರವೇ ಆಗಿತ್ತು. ಕಲಿಯಿಂದ ಎಣಿಸಿದರೆ ಸಂಖ್ಯೆ ತೀರಾ ದೊಡ್ಡದಾಗುತ್ತದೆಂದು ಕರಣ ಗ್ರಂಥಗಳೆಂಬ ಲೆಕ್ಕದ ಕೈಪಿಡಿಗಳನ್ನು ಬರೆದವರು ತಮ್ಮ ಕಾಲಕ್ಕೆ ಹತ್ತಿರದ ಒಂದು ದಿನವನ್ನು ಆರಂಭಬಿಂದುವಾಗಿ ಇಟ್ಟುಕೊಂಡರು. ಎರಡನೆಯ ಭಾಸ್ಕರಾಚಾರ್ಯರ ‘ಕರಣಕುತೂಹಲ’ 1183ರಿಂದ ಎಣಿಸುತ್ತದೆ. ಯೂನಿಕ್ಸ್ ರೂಪಿಸಿದವರು 1970ನ್ನು ಆರಿಸಿಕೊಂಡದ್ದರ ಹಿಂದೆಯೂ ಇದೇ ಸರಳ ಅನುಕೂಲ ಇತ್ತು.

ಆರಂಭಬಿಂದುವಿಗೆ ಪವಿತ್ರತೆಯೇನೂ ಇಲ್ಲವೆಂಬುದು ಕಂಪ್ಯೂಟರ್ ಇತಿಹಾಸದಲ್ಲೂ ಕಾಣುತ್ತದೆ. 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲಿ ಎಣಿಕೆ 1971ರ ಜನವರಿ 1ರಿಂದ ಶುರುವಾಗುತ್ತಿತ್ತು, ಅದೂ ಸೆಕೆಂಡಿನ ಅರವತ್ತನೇ ಒಂದು ಭಾಗದ ಅಳತೆಯಲ್ಲಿ. 32 ಬಿಟ್‌ನ ಜಾಗದಲ್ಲಿ ಹಾಗೆ ಎಣಿಸಿದರೆ ಸುಮಾರು 829 ದಿನಕ್ಕೆ ಸಂಖ್ಯೆ ತುಂಬಿ ಹರಿಯುತ್ತದೆ. ಅದಕ್ಕೇ ಮುಂದೆ ಅಳತೆಯನ್ನು ಸೆಕೆಂಡಿಗೆ, ಆರಂಭವನ್ನು 1970ಕ್ಕೆ ಬದಲಿಸಿದರು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ 1601ರ ಜನವರಿ 1ರಿಂದ ಎಣಿಸುತ್ತದೆ, ಒಂದು ಸೆಕೆಂಡನ್ನು ಒಂದು ಕೋಟಿ ಹೋಳು ಮಾಡಿ. ಗ್ರೆಗೋರಿಯನ್ ಕ್ಯಾಲೆಂಡರಿನ 400 ವರ್ಷಗಳ ಆವರ್ತ ಅಲ್ಲಿಂದ ಶುರುವಾಗುವುದರಿಂದ ಅಧಿಕವರ್ಷಗಳ ಲೆಕ್ಕ ಸುಲಭ. ಹಳೆಯ ಮ್ಯಾಕಿಂಟೋಷ್ 1904ರಿಂದ ಎಣಿಸುತ್ತಿತ್ತು. ಇಷ್ಟೊಂದು ಆರಂಭಗಳಿದ್ದರೆ ಗೊಂದಲವಾಗುವುದಿಲ್ಲವೇ ಎಂದರೆ, ಎಣಿಕೆಯಿಂದ ಎಣಿಕೆಗೆ ಹೋಗುವಾಗ ಆಗುವುದಿಲ್ಲ. 1601ಕ್ಕೂ 1970ಕ್ಕೂ ನಡುವಿನ ಅಂತರ 1164,44,73,600 ಸೆಕೆಂಡು. ವಿಂಡೋಸಿನ ಸಂಖ್ಯೆಯನ್ನು ಒಂದು ಕೋಟಿಯಿಂದ ಭಾಗಿಸಿ ಇಷ್ಟನ್ನು ಕಳೆದರೆ ಯೂನಿಕ್ಸಿನ ಸಂಖ್ಯೆ ಸಿಕ್ಕಿತು. ಭಾಗಿಸಿದಾಗಿನ ಶೇಷವನ್ನು ಎಸೆಯದಿದ್ದರೆ ತಿರುಗಿ ಬರಲೂ ಬಹುದು, ಏನೂ ಕಳೆದುಹೋಗುವುದಿಲ್ಲ. ಇಲ್ಲಿ ನಡೆಯುವ ತಪ್ಪುಗಳು ಅಳತೆಯವು, ಬೇಗ ಬಯಲಾಗುವಂಥವು. ಜಾವಾಸ್ಕ್ರಿಪ್ಟ್ ಮಿಲಿಸೆಕೆಂಡುಗಳಲ್ಲಿ ಎಣಿಸುತ್ತದೆ. ಅದಕ್ಕೆ ಸೆಕೆಂಡಿನ 170 ಕೋಟಿಯನ್ನೇ ಕೊಟ್ಟರೆ 2023ರ ಫೈಲು 1970ರ ಜನವರಿ 20ರದಾಗಿಬಿಡುತ್ತದೆ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ.

ನಿಜವಾದ ನಷ್ಟ ಶುರುವಾಗುವುದು ಹೆಸರನ್ನೇ ದಾಖಲೆಯಾಗಿ ಇಟ್ಟಾಗ. ಇದಕ್ಕೆ ಒಳ್ಳೆಯ ಸಾಕ್ಷಿ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡುಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಫ್ಯಾಟ್ ವ್ಯವಸ್ಥೆ. ಅದು ದಿನಾಂಕವನ್ನು ಎಣಿಸುವುದಿಲ್ಲ, ಗೋಡೆಯ ಗಡಿಯಾರ ತೋರಿಸುವುದನ್ನು ಹಾಗೇ ಬರೆದುಕೊಳ್ಳುತ್ತದೆ. 1980ರಿಂದೀಚೆಗಿನ ವರ್ಷಕ್ಕೆ 7 ಬಿಟ್, ತಿಂಗಳಿಗೆ 4, ತಾರೀಖಿಗೆ 5. ಗಂಟೆಗೆ 5, ನಿಮಿಷಕ್ಕೆ 6, ಸೆಕೆಂಡಿಗೆ ಉಳಿದ 5. ಐದು ಬಿಟ್‌ಗಳಲ್ಲಿ 32 ಬೆಲೆಗಳಷ್ಟೇ ಹಿಡಿಸುವುದರಿಂದ ಸೆಕೆಂಡುಗಳನ್ನು ಎರಡೆರಡಾಗಿ ಬರೆಯುತ್ತದೆ. ಅಂದರೆ 43 ನಿಮಿಷ 21 ಸೆಕೆಂಡಿಗೆ ಬದಲಾದ ಫೈಲು ಎಂಬುದು ಆ ವ್ಯವಸ್ಥೆಯಲ್ಲಿ ಇರಲು ಸಾಧ್ಯವೇ ಇಲ್ಲ. ಎರಡು ಸೆಕೆಂಡಿನ ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ಯಾವ ಫೈಲು ಹೊಸದು, ಯಾವುದನ್ನು ಮತ್ತೆ ನಕಲಿಸಬೇಕು ಎಂದು ದಿನಾಂಕ ನೋಡಿ ತೀರ್ಮಾನಿಸುವ ಪ್ರೋಗ್ರಾಂಗಳು ಬಹಳ ಇವೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ‘ಮೇಕ್’ ಇಡೀ ಈ ಹೋಲಿಕೆಯ ಮೇಲೆಯೇ ನಿಂತಿದೆ. ಬ್ಯಾಕಪ್‌ಗೆ ಬಳಸುವ ‘ಆರ್‌ಸಿಂಕ್’ನಲ್ಲಿ ಫ್ಯಾಟ್ ಡಿಸ್ಕುಗಳಿಗೆಂದೇ ಒಂದೆರಡು ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಿಸದಿರುವ ಆಯ್ಕೆ ಇಡಬೇಕಾಯಿತು. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಫ್ಯಾಟ್‌ನ ಮೂಲ ವಿನ್ಯಾಸದಲ್ಲಿ ಯಾವ ದೇಶದ ಗಡಿಯಾರ ಎಂದು ಹೇಳಲು ಒಂದು ಬಿಟ್ಟೂ ಇಲ್ಲ. ದುಬೈನಲ್ಲಿ ಅಲ್ಲಿನ ಸಮಯಕ್ಕೆ ಹೊಂದಿಸಿದ ಕ್ಯಾಮೆರಾದ ಚಿತ್ರಗಳು, ಭಾರತದ ಸಮಯವನ್ನೇ ಉಳಿಸಿಕೊಂಡ ಇನ್ನೊಂದು ಕ್ಯಾಮೆರಾದ ಚಿತ್ರಗಳು, ಒಂದೇ ಮದುವೆಯವು, ಮಂಗಳೂರಿಗೆ ಬಂದು ಒಂದೇ ಫೋಲ್ಡರಿಗೆ ಸೇರಿದರೆ ಒಂದೂವರೆ ಗಂಟೆಯ ವ್ಯತ್ಯಾಸದಲ್ಲಿ ಕಲಸಿಹೋಗುತ್ತವೆ. ಧಾರೆಯ ನಂತರದ ಊಟ ಧಾರೆಗಿಂತ ಮೊದಲು ಬಂದು ಕೂರುತ್ತದೆ. ಯಾವ ಕ್ಯಾಮೆರಾ ಯಾವ ಸಮಯದಲ್ಲಿತ್ತು ಎಂದು ಬಲ್ಲವರೊಬ್ಬರು ಹೇಳದ ಹೊರತು ಇದನ್ನು ಯಾವ ಪ್ರೋಗ್ರಾಂ ಕೂಡ ಸರಿಮಾಡಲಾರದು, ಏಕೆಂದರೆ ಬೇಕಾದ ಮಾಹಿತಿಯನ್ನು ಬರೆದೇ ಇಲ್ಲ. ಚಿತ್ರದೊಳಗೇ ಅಡಕವಾಗುವ ಎಕ್ಸಿಫ್ ದಿನಾಂಕಕ್ಕೂ ಇದೇ ದೋಷವಿತ್ತು. ಯುಟಿಸಿಯಿಂದ ಎಷ್ಟು ಅಂತರ ಎಂದು ಬರೆಯುವ ಜಾಗ ಅದಕ್ಕೆ ಸಿಕ್ಕಿದ್ದು 2016ರಲ್ಲಿ.

ಹೆಸರನ್ನು ಅಕ್ಷರಗಳಲ್ಲಿ ಬರೆದಿಟ್ಟರೆ ತೊಡಕು ಇನ್ನೂ ಹೆಚ್ಚು. 03/04/2024 ಎಂಬುದು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಾರೀಖು 12ನ್ನು ದಾಟಿದ ದಿನಗಳಲ್ಲಿ ತಪ್ಪು ತಾನಾಗಿ ಬಯಲಾಗುತ್ತದೆ. ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಮಾತ್ರ, ಅದೂ ತಿಂಗಳೂ ತಾರೀಖೂ ಒಂದೇ ಆಗಿರದ ದಿನಗಳಲ್ಲಿ, ಸದ್ದಿಲ್ಲದೆ ಉಳಿದುಬಿಡುತ್ತದೆ. ಪೂರ್ತಿ ತಪ್ಪಾದ ಪಟ್ಟಿಗಿಂತ ಭಾಗಶಃ ತಪ್ಪಾದ ಪಟ್ಟಿ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ, ಯಾಕೆಂದರೆ ಮೇಲುನೋಟಕ್ಕೆ ಅದನ್ನು ನಂಬಬಹುದು. ತಿಂಗಳ ಹೆಸರನ್ನು ಕನ್ನಡದಲ್ಲಿ ಬರೆದರೆ ಓದಲು ಚೆನ್ನ, ಆದರೆ ಆ ಅಕ್ಷರಗಳನ್ನು ಹಿಡಿದು ಫೈಲುಗಳನ್ನು ಅಕಾರಾದಿಯಾಗಿ ಜೋಡಿಸಿದರೆ ವರ್ಷ ಅಕ್ಟೋಬರಿನಿಂದ ಶುರುವಾಗಿ, ಆಗಸ್ಟ್, ಏಪ್ರಿಲ್ ಎಂದು ಮುಂದುವರಿದು ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ. ಅಂಕಿಗಳ ಲಿಪಿ ಇಲ್ಲಿ ತೊಡಕಲ್ಲ. ೨೦೨೩ ಎಂದು ಕನ್ನಡ ಅಂಕಿಗಳಲ್ಲಿ ಬರೆದದ್ದನ್ನು ಪೈಥಾನ್ ಭಾಷೆ ತಕರಾರಿಲ್ಲದೆ ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಅದಕ್ಕೆ ಗೊತ್ತಾಗದಿರುವುದು ಯಾವುದು ತಿಂಗಳು, ಯಾವುದು ತಾರೀಖು, ಯಾವ ಊರಿನ ಗಡಿಯಾರ ಎಂಬುದು.

ಅಕ್ಷರದಿಂದ ದಿನಾಂಕವನ್ನು ಊಹಿಸಲು ಯಂತ್ರಕ್ಕೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಜೀವವಿಜ್ಞಾನದಲ್ಲಿ ನಡೆದದ್ದನ್ನು ನೋಡಬೇಕು. ಮನುಷ್ಯರ ಕೆಲವು ಜೀನ್‌ಗಳಿಗೆ ‘ಸೆಪ್ಟ್2’, ‘ಮಾರ್ಚ್1’ ಎಂಬಂಥ ಸಂಕೇತಗಳಿದ್ದವು. ಸಂಶೋಧಕರು ಜೀನ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದಾಗ ಅದು ಇವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಿಳಿದು ದಿನಾಂಕವಾಗಿ ಬದಲಿಸಿಬಿಡುತ್ತಿತ್ತು. ಹೀಗಾಗುವುದನ್ನು 2004ರಲ್ಲೇ ಗುರುತಿಸಲಾಗಿತ್ತು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಇಂಥ ತಪ್ಪುಗಳನ್ನು ಕಂಡಿತು. ಕೊನೆಗೆ, ಜೀನ್‌ಗಳಿಗೆ ಹೆಸರಿಡುವ ಸಮಿತಿ ಸೋತು ಹೆಸರುಗಳನ್ನೇ ಬದಲಿಸಿತು. 2020ರಲ್ಲಿ ಹೊಸ ಮಾರ್ಗಸೂಚಿ ಬರುವ ಹೊತ್ತಿಗೆ ಅವು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಆಗಿದ್ದವು. ಅದೇ ಎಕ್ಸೆಲ್ ದಿನಗಳನ್ನು ಎಣಿಸುವಾಗ, ಹಿಂದಿನ ಲೋಟಸ್ ಪ್ರೋಗ್ರಾಂಗೆ ಹೊಂದಿಕೊಳ್ಳಲೆಂದು, ಇಲ್ಲದೇ ಇದ್ದ 1900ರ ಫೆಬ್ರವರಿ 29ನ್ನೂ ಒಂದು ದಿನವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಕೆಡುಕಿನದು. ಎಣಿಕೆಯಲ್ಲಿನ ತಪ್ಪು ಎಲ್ಲ ಕಡೆ ಒಂದೇ ಥರ ಇರುವುದರಿಂದ ಒಂದು ದಿನ ಕಳೆದು ತಿದ್ದಬಹುದು. ಊಹೆಯಲ್ಲಿನ ತಪ್ಪಿಗೆ ಅಂಥ ಸೂತ್ರವಿಲ್ಲ.

ಹಾಗಾದರೆ ಪ್ರೋಗ್ರಾಂ ಬರೆಯುವವರು ಏನು ಮಾಡಬೇಕು? ಪೈಥಾನ್‌ನಲ್ಲಿ ‘ಗೆಟ್ ಎಂ-ಟೈಮ್’ ಎಂಬ ಆಜ್ಞೆ ಫೈಲಿನ ಒಳಗಿನ ವಿಷಯ ಕೊನೆಗೆ ಯಾವಾಗ ಬದಲಾಯಿತೆಂಬ ಎಣಿಕೆಯನ್ನು ಕೊಡುತ್ತದೆ. ಫೈಲಿಗೆ ಒಂದೇ ದಿನಾಂಕ ಇರುವುದಿಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಓದಿದ ಹೊತ್ತು ಬೇರೆ, ಹೆಸರು ಅಥವಾ ಅನುಮತಿ ಬದಲಾದ ಹೊತ್ತು ಬೇರೆ, ಕೆಲವು ವ್ಯವಸ್ಥೆಗಳಲ್ಲಿ ಹುಟ್ಟಿದ ಹೊತ್ತೂ ಬೇರೆ. ವಿಂಡೋಸಿನಲ್ಲಿ ನಕಲಿಸಿದ ಫೈಲು ಬದಲಾದದ್ದು ಹಿಂದೆ, ಹುಟ್ಟಿದ್ದು ಇಂದು ಎಂದು ತೋರಿಸುವುದು ಇದರಿಂದಲೇ. ಬೇಕಾದ ಎಣಿಕೆಯನ್ನು ತೆಗೆದುಕೊಂಡ ಮೇಲೆ ಹೋಲಿಕೆ, ಜೋಡಣೆ, ಕೂಡು ಕಳೆ ಎಲ್ಲವನ್ನೂ ಅದರಲ್ಲೇ ಮಾಡಬೇಕು. ತೋರಿಸುವ ಹೊತ್ತಿಗೆ ‘ಏಷ್ಯಾ/ಕೋಲ್ಕತಾ’ ಎಂದು ಕಾಲವಲಯದ ಹೆಸರನ್ನು ಸ್ಪಷ್ಟವಾಗಿ ಕೊಟ್ಟು ದಿನಾಂಕವಾಗಿಸಿ, ಆಮೇಲೆ ಅಕ್ಷರಕ್ಕೆ ಇಳಿಸಬೇಕು. ಇದಕ್ಕಿರುವ ಸಂಕೇತಗಳಲ್ಲಿ ದೊಡ್ಡ ಅಕ್ಷರದ ‘ಎಂ’ ನಿಮಿಷಕ್ಕೆ, ಚಿಕ್ಕದು ತಿಂಗಳಿಗೆ. ವರ್ಷಕ್ಕೆ ‘ವೈ’ ಬದಲು ‘ಜಿ’ ಹಾಕಿದರೆ ಬರುವುದು ವಾರಗಳ ಲೆಕ್ಕದ ವರ್ಷ. 2014ರ ಡಿಸೆಂಬರ್ 29ನ್ನು ಅದು 2015 ಎಂದು ಅಚ್ಚುಮಾಡುತ್ತದೆ, ಏಕೆಂದರೆ ಆ ಸೋಮವಾರದಿಂದ ಶುರುವಾದ ವಾರವನ್ನು ಅಂತರರಾಷ್ಟ್ರೀಯ ಮಾನಕ 2015ರ ಮೊದಲ ವಾರವೆಂದು ಎಣಿಸುತ್ತದೆ. ವರ್ಷವಿಡೀ ಸರಿಯಾಗಿ ನಡೆದು ವರ್ಷ ಬದಲಾಗುವ ದಿನಗಳಲ್ಲಿ ಮಾತ್ರ ಕೆಡುವ ಪ್ರೋಗ್ರಾಂಗಳು ಹುಟ್ಟುವುದು ಹೀಗೆ. ಇನ್ನೊಂದು ಸೂಕ್ಷ್ಮ: ‘ಗೆಟ್ ಎಂ-ಟೈಮ್’ ಕೊಡುವುದು ದಶಮಾಂಶ ಸಂಖ್ಯೆ. ಈಗಿನ ಕಾಲದ ಬೆಲೆಗಳಲ್ಲಿ ಅದು ಸುಮಾರು 240 ನ್ಯಾನೊಸೆಕೆಂಡಿಗಿಂತ ಸಣ್ಣ ವ್ಯತ್ಯಾಸವನ್ನು ಹಿಡಿಯಲಾರದು. ಅಷ್ಟು ನಿಖರತೆ ಬೇಕಿದ್ದವರು ಪೂರ್ಣಾಂಕದ ನ್ಯಾನೊಸೆಕೆಂಡನ್ನೇ ಕೇಳಿ ಪಡೆಯಬೇಕು.

ಈ ವಾದಕ್ಕೆ ಆಕ್ಷೇಪಣೆಗಳಿವೆ, ಗಟ್ಟಿಯಾದವೇ ಇವೆ. 170 ಕೋಟಿ ಎಂದರೆ ಮನುಷ್ಯನಿಗೆ ಏನೂ ಹೊಳೆಯುವುದಿಲ್ಲ, ಇಪ್ಪತ್ತು ವರ್ಷಗಳ ನಂತರ ಆ ಫೈಲನ್ನು ತೆರೆದವರಿಗೆ ಅದು ದಿನಾಂಕವೆಂದೇ ಗೊತ್ತಾಗದಿರಬಹುದು ಎನ್ನುವವರಿದ್ದಾರೆ. ಒಪ್ಪುತ್ತೇನೆ. ಅದಕ್ಕೆ ಪರಿಹಾರ 1988ರಲ್ಲಿ ಬಂದ ಐಎಸ್‌ಒ 8601 ಮಾನಕದಲ್ಲಿದೆ: ವರ್ಷ, ತಿಂಗಳು, ತಾರೀಖು, ಗಂಟೆ, ನಿಮಿಷ, ಸೆಕೆಂಡು ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬರೆದು, ಕೊನೆಗೆ +05:30 ಎಂದು ಯುಟಿಸಿಯ ಅಂತರ ಸೇರಿಸುವುದು. ಇದನ್ನು ಕಣ್ಣೂ ಓದುತ್ತದೆ, ಯಂತ್ರವೂ ಊಹೆಯಿಲ್ಲದೆ ಎಣಿಕೆಗೆ ತಿರುಗಿಸುತ್ತದೆ. ಆದರೆ ಆ ಕೊನೆಯ +05:30 ಬಿಟ್ಟರೆ ಎಲ್ಲವೂ ಹೋಯಿತು. ನ್ಯೂಯಾರ್ಕಿನಲ್ಲಿ 2024ರ ನವೆಂಬರ್ 3ರಂದು ಬೇಸಿಗೆ ಸಮಯ ಮುಗಿದು ಗಡಿಯಾರ ಹಿಂದಕ್ಕೆ ಸರಿದಾಗ ರಾತ್ರಿ ಒಂದೂವರೆ ಎರಡು ಸಲ ಬಂತು. ಅಂತರ ಬರೆಯದಿದ್ದರೆ ಯಾವ ಒಂದೂವರೆ ಎಂದು ಹೇಳುವ ಬಗೆ ಇಲ್ಲ. ದಶಕಗಳಿಂದ ಭಾರತದ ಗಡಿಯಾರ ಕದಲಿಲ್ಲವಾದ್ದರಿಂದ ಇಲ್ಲಿ ಪ್ರೋಗ್ರಾಂ ಬರೆಯುವವರು ಐದೂವರೆ ಗಂಟೆಯನ್ನು ಕಣ್ಣುಮುಚ್ಚಿ ಕೂಡಿಸುವುದುಂಟು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಇದೇ ದೇಶದ ಗಡಿಯಾರ ಆರೂವರೆ ಗಂಟೆ ಮುಂದಿತ್ತು. ಕಾಲವಲಯದ ಹೆಸರು ಕೊಟ್ಟರೆ ಆ ಇತಿಹಾಸವನ್ನು ಪ್ರೋಗ್ರಾಂ ತಾನೇ ನೋಡಿಕೊಳ್ಳುತ್ತದೆ.

ಎರಡನೆಯ ಆಕ್ಷೇಪ, ಈ ಸೆಕೆಂಡಿನ ಎಣಿಕೆಯೂ ಶುದ್ಧವಲ್ಲ ಎಂಬುದು. ಅದೂ ನಿಜ. ಭೂಮಿಯ ತಿರುಗುವಿಕೆಗೆ ಹೊಂದಿಸಲು 1972ರಿಂದ 2016ರವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಲಾಯಿತು, ಯೂನಿಕ್ಸ್ ಎಣಿಕೆ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪ್ರತಿ ದಿನಕ್ಕೂ 86,400 ಎಂದೇ ನಡೆಯುತ್ತದೆ. ಖಗೋಳ ವೀಕ್ಷಣೆಗೆ ಇದು ಸಾಲದು, ಫೈಲಿನ ದಿನಾಂಕಕ್ಕೆ ಧಾರಾಳ ಸಾಕು. ಮೂರನೆಯದು ನನ್ನ ವಾದಕ್ಕೆ ನಿಜವಾಗಿ ಗಡಿ ಹಾಕುವ ಆಕ್ಷೇಪ. ಮುಂದೆ ನಡೆಯಬೇಕಾದ ಸಂಗತಿಗಳಿಗೆ ಎಣಿಕೆ ಹೊಂದುವುದಿಲ್ಲ. ಮುಂದಿನ ವರ್ಷ ಇಂಥ ಊರಿನಲ್ಲಿ ಬೆಳಗ್ಗೆ ಹತ್ತಕ್ಕೆ ಸಭೆ ಎಂದು ಗೊತ್ತುಮಾಡಿ ಅದನ್ನು ಇಂದೇ ಸೆಕೆಂಡಾಗಿಸಿಟ್ಟರೆ, ನಡುವೆ ಆ ದೇಶದ ಸರಕಾರ ಗಡಿಯಾರ ಬದಲಿಸಿದಾಗ ಸಭೆ ಒಂಬತ್ತಕ್ಕೋ ಹನ್ನೊಂದಕ್ಕೋ ಹೋಗುತ್ತದೆ. ಸಮೋವಾ ದೇಶ ದಿನರೇಖೆಯ ಆಚೆಯಿಂದ ಈಚೆಗೆ ಬರಲು 2011ರ ಡಿಸೆಂಬರ್ 30ನ್ನು ಇಡಿಯಾಗಿ ಬಿಟ್ಟೇ ಬಿಟ್ಟಿತು. ಭವಿಷ್ಯದ ಮಾತಿನಲ್ಲಿ ಊರಿನ ಹೆಸರೂ ಗೋಡೆಯ ಗಡಿಯಾರವೂ ಮೂಲ ದಾಖಲೆ, ಎಣಿಕೆ ಅದರಿಂದ ಹೊರಡುವ ಫಲ. ಫೈಲಿನ ದಿನಾಂಕ ಹಾಗಲ್ಲ, ಆಗಿಹೋದ ಒಂದು ಕ್ಷಣದ ಗುರುತು ಅದು, ಅದನ್ನು ಯಾವ ಸರಕಾರದ ಆದೇಶವೂ ಕದಲಿಸಲಾರದು. ಆ ಗುರುತೇ ಸುಳ್ಳಿರಬಹುದಲ್ಲ ಎಂದು ಕೇಳಿದರೆ, ಇರಬಹುದು. ಕಂಪ್ಯೂಟರಿನ ಗಡಿಯಾರ ತಪ್ಪಾಗಿದ್ದರೆ ಎಣಿಕೆಯೂ ತಪ್ಪು. ಒಂದೇ ಆಜ್ಞೆಯಿಂದ ಫೈಲಿನ ದಿನಾಂಕವನ್ನು ಬೇಕಾದಂತೆ ಬದಲಿಸಲೂ ಬರುತ್ತದೆ, ಹಾಗಾಗಿ ಅದೊಂದನ್ನೇ ಸಾಕ್ಷ್ಯವಾಗಿ ನಂಬಬಾರದು. ಈ ದೋಷ ಅಕ್ಷರದ ದಿನಾಂಕಕ್ಕೂ ಅಷ್ಟೇ ಅನ್ವಯಿಸುತ್ತದೆ.

ಕೊನೆಯದಾಗಿ, ಎಣಿಕೆಗೆ ಸಾಕಷ್ಟು ಜಾಗ ಕೊಡಬೇಕು. ಹಳೆಯ ವ್ಯವಸ್ಥೆಗಳು ಅದಕ್ಕೆ ಕೊಟ್ಟ 32 ಬಿಟ್‌ಗಳಲ್ಲಿ ಒಂದು ಋಣ ಚಿಹ್ನೆಗೆ ಹೋಗಿ, ಹಿಡಿಸುವ ಅತಿ ದೊಡ್ಡ ಸಂಖ್ಯೆ 214,74,83,647. ಭಾರತದ ಸಮಯದಲ್ಲಿ ಅದು 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರು ಸೆಕೆಂಡಿಗೆ ಅಂಥ ಯಂತ್ರಗಳ ಲೆಕ್ಕ, ಯುಟಿಸಿಯ ಪ್ರಕಾರ, 1901ರ ಡಿಸೆಂಬರ್ 13ಕ್ಕೆ ಬೀಳುತ್ತದೆ. 64 ಬಿಟ್ ಕೊಟ್ಟರೆ ಈ ತೊಂದರೆ ನಮ್ಮ ಯಾವ ಪೀಳಿಗೆಗೂ ತಟ್ಟುವುದಿಲ್ಲ. ಈಚಿನ ಕಂಪ್ಯೂಟರು, ಫೋನುಗಳಲ್ಲಿ ಬಹುತೇಕ ಹಾಗೇ ಆಗಿದೆ, 32 ಬಿಟ್‌ನ ಲಿನಕ್ಸ್ ಯಂತ್ರಗಳಿಗೂ 2020ರಲ್ಲಿ ದಾರಿಯಾಯಿತು. ಉಳಿದಿರುವುದು ಹಳೆಯ ಡೇಟಾಬೇಸುಗಳು, ಹಳೆಯ ಡಿಸ್ಕುಗಳು, ಕಾರ್ಖಾನೆಯ ಮೂಲೆಯಲ್ಲಿ ವರ್ಷಗಟ್ಟಲೆ ಓಡುವ ನಿಯಂತ್ರಕ ಪೆಟ್ಟಿಗೆಗಳು. ಅವನ್ನು ನೋಡಿಕೊಳ್ಳುವವರು ಪರೀಕ್ಷೆಗೆಂದು ಇಟ್ಟ ಯಂತ್ರವೊಂದರಲ್ಲಿ ಗಡಿಯಾರವನ್ನು 2038ರ ಜನವರಿ 20ಕ್ಕೆ ತಿರುಗಿಸಿ ತಮ್ಮ ಪ್ರೋಗ್ರಾಂ ಓಡಿಸಿ ನೋಡಬೇಕು. ಅದಕ್ಕೆ 2037ರವರೆಗೆ ಸಮಯವಿದೆ ಎಂದು ಕೂರುವಂತಿಲ್ಲ. ಇಂದು ಮಂಜೂರಾಗುವ ಇಪ್ಪತ್ತು ವರ್ಷದ ಗೃಹಸಾಲದ ಕಂತಿನ ಪಟ್ಟಿ ಆ ಮಂಗಳವಾರವನ್ನು ಈಗಾಗಲೇ ದಾಟಿದೆ.